ನಿಮ್ಮ ನಂತರ ನಾಯಿಗೆ ಯಾರು?

ನಾಯಿ ಹುಡುಕಲು ಐಲ್ಸಾ ಟ್ರೆಜೈಸ್ ಹೊರಟದ್ದು ಮಾರ್ಚಿನಲ್ಲಿ. ಆಗಸ್ಟ್ ಬಂದರೂ ದಕ್ಕಿದ್ದು ಬರೀ ಮಂಡಿನೋವು. ಕುರಿಯ ಉಣ್ಣೆ ಕತ್ತರಿಸುವವರ ಶೆಡ್ಡುಗಳಲ್ಲಿ ಮೂವತ್ತು ಮೂವತ್ತು ಜನಕ್ಕೆ ಬೇಯಿಸಿ ಹಾಕಿದವಳಿಗೆ ಈಗ ಎಪ್ಪತ್ತಾರು. ಮೂಂಟಾ ಊರಿನ ಮನೆಯಲ್ಲಿ ತನ್ನೊಬ್ಬಳಿಗೆ ಮಾಂಸದ ಕಡುಬಿನಂಥ ಒಂದು ಪೇಸ್ಟಿ ಬಿಸಿಮಾಡಲೂ ಬೇಸರ. ಅವಳು ಬಾಯಿಬಿಟ್ಟು ಹೇಳುವವಳಲ್ಲ, ನಾವೇ ಹೇಳಿಬಿಡೋಣ: ಮಾತಾಡಿಸಲು ಮನೆಯಲ್ಲೊಂದು ಜೀವ ಬೇಕಿತ್ತು.

ಕ್ಲೇರ್ ಊರಿನ ಕಡೆ ಕುರಿ ಕಾಯುವ ಕೆಲ್ಪಿ ಜಾತಿಯ ನಾಯಿಮರಿ ಮಾರುವವಳು, ಈ ವಯಸ್ಸಿಗೆ ಅದರ ಹಿಂದೆ ಓಡಲಾಗದು ಎಂದು ಫೋನಿಟ್ಟಳು. ಇನ್ನೊಬ್ಬ ಏನೂ ಕೇಳಲಿಲ್ಲ, ಪೆಟ್ರೋಲ್ ಬಂಕಿನ ಹತ್ತಿರ ಬಾ ಎಂದ. ರಟ್ಟಿನ ಡಬ್ಬದಲ್ಲಿ ಮರಿ ನಡುಗುತ್ತಿತ್ತು.

"ತಾಯಿ ನಾಯಿನ ತೋರ್ಸಪ್ಪ."

"ತಾಯಿ ಯಾಕಜ್ಜಿ, ಹಾಲು ಕರೀತೀಯಾ?"

"ಹಂಗಾದ್ರೆ ನೀನೇ ಇಟ್ಕೋ."

ಮರಿ ಕೊಂಡರೆ, ಮಾರಾಟಕ್ಕೆಂದೇ ಎಲ್ಲೋ ಬೋನಿನಲ್ಲಿಟ್ಟಿರುವ ಆ ತಾಯಿ ಮತ್ತೆ ಹೆರಬೇಕು, ಅಷ್ಟೇ. ಬಿಟ್ಟು ಬಂದಳು ಸರಿ, ಎರಡು ದಿನ ಊಟ ಸೇರಲಿಲ್ಲ.

ಕೊನೆಗೆ ದಿಕ್ಕಿಲ್ಲದ ನಾಯಿಗಳ ಆಶ್ರಯಧಾಮ. ಅಲ್ಲಿಯವರು ಮನೆಗೆ ಬಂದು ಬೇಲಿ ಅಳೆದರು, ಆರು ಪುಟದ ಅರ್ಜಿ ಕೊಟ್ಟರು. ಕಡೆಯ ಪ್ರಶ್ನೆ: ನಿಮ್ಮ ನಂತರ ನಾಯಿಗೆ ಯಾರು? ಹೆಸರು, ಸಹಿ. ಮದುವೆಯಾಗದ ಐಲ್ಸಾಗೆ ಇದ್ದವನು ತಮ್ಮನ ಮಗ ಲಾಕ್ಲನ್ ಒಬ್ಬನೇ. ಮೂರು ವಾರ ಫೋನ್ ಮಾಡಿ ಮಾಡಿ ಅವಳಿಗೆ ಸಾಕುಸಾಕಾಯಿತು. ಕಡೆಗೊಂದು ದಿನ ಬಂದ, ಕಾರಿನಿಂದ ಇಳಿಯಲೂ ಇಲ್ಲ. "ಸಹಿ ಎಲ್ಲಿ ಹಾಕ್ಬೇಕು ಹೇಳಿ ಅತ್ತೆ," ಎಂದವನೇ ಓದದೆ ಗೀಚಿ ಹೋದ.

ಅರ್ಜಿ ಹಿಡಿದು ಹೋದ ದಿನ, ಆಶ್ರಯಧಾಮದ ಹುಡುಗಿ ಟ್ಯಾಮ್ಸಿನ್ ಹನ್ನೆರಡು ವರ್ಷದ ನಾಯಿ ಡಸ್ಟಿಯನ್ನು ಕರೆತಂದಳು. ಅದು ನೆಟ್ಟಗೆ ಬಂದು ಐಲ್ಸಾಳ ಮಂಡಿಯ ಮೇಲೆ ತಲೆಯಿಟ್ಟಿತು.

"ಇವ್ನು ಇಲ್ಲಿಗೆ ಹೆಂಗ್ ಬಂದ ಮಗಳೇ?"

"ಮರಿಯಾಗಿದ್ದಾಗ ಇಲ್ಲಿಂದ್ಲೇ ಒಬ್ರು ಅಜ್ಜಿ ತಗೊಂಡು ಹೋಗಿದ್ರು. ಅವ್ರು ತೀರ್ಕೊಂಡ್ರು." ಹುಡುಗಿ ಹಳೆಯ ಅರ್ಜಿ ತೋರಿಸಿದಳು. ಅದೇ ಪ್ರಶ್ನೆ, ಕೆಳಗೆ ಆ ಅಜ್ಜಿಯ ಮಗನ ಹೆಸರು, ಸಹಿ.

"ಮತ್ತೆ ಈ ಮಗ?"

"ಅವ್ರೇ ತಂದ್ಬಿಟ್ಟಿದ್ದು. ಮಣ್ಣು ಮಾಡಿದ ಮಾರನೇ ದಿನ."

ಲಾಕ್ಲನ್ ಕೆಟ್ಟವನಲ್ಲ. ಆದರೆ ಅವನೂ ಇಲ್ಲಿಗೇ ತಂದು ಬಿಟ್ಟುಹೋಗುತ್ತಾನೆ, ಅದು ಅವಳಿಗೆ ಗೊತ್ತಿತ್ತು. ಪೆನ್ನು ಕೇಳಿ ಅವನ ಹೆಸರಿನ ಮೇಲೆ ಗೆರೆ ಎಳೆದಳು.

"ಅಜ್ಜಿ, ಹೆಸ್ರಿಲ್ದೆ ನಾಯಿ ಕೊಡೋಕಾಗಲ್ಲ."

"ಗೊತ್ತಮ್ಮ. ಸುಳ್ಳು ಬರ್ದು ಇವ್ನನ್ನ ಇನ್ನೊಂದ್ಸಲ ಇಲ್ಲಿಗೆ ಕಳಿಸ್ಲಾ?"

ಅದರ ತಲೆಯನ್ನು ಮೆಲ್ಲನೆ ಸರಿಸಿ ಎದ್ದಳು. ಮನೆಗೆ ಹೊರಟೆವೆಂದುಕೊಂಡು ಡಸ್ಟಿ ಬಾಗಿಲಿನವರೆಗೂ ಅವಳ ಜೊತೆಗೇ ಬಂತು.