ರೆಕಾರ್ಡಿಗೆ ಹಚ್ಚಿದ ವಿಭೂತಿ

ನ್ಯೂಜಿಲೆಂಡಿನ ಪಾಪಟೋಟೊಯಿಯ ನನ್ನ ಮಗಳ ಮನೆಯಲ್ಲಿ ಹೋದ ಆಯುಧಪೂಜೆಗೆ ಇಟ್ಟ ಸಾಮಾನು ಇಷ್ಟು: ಕಾರು, ಕುಕ್ಕರು, ನರ್ಸ್ ಆಗಿರುವ ಮಗಳ ಸ್ಟೆಥಾಸ್ಕೋಪು, ಮೊಮ್ಮಗಳ ಲ್ಯಾಪ್‌ಟಾಪು, ಮತ್ತೆ ಒಂದು ರೆಕಾರ್ಡ್ ಪ್ಲೇಯರು. ಪ್ಲೇಯರನ್ನು ಮೊಮ್ಮಗಳು ಹಳೇ ಸಾಮಾನಿನ ಅಂಗಡಿಯಿಂದ ತಂದಿದ್ದಳು. ತಿರುಗುತ್ತಿರಲಿಲ್ಲ. ನಾನು ಬೆಲ್ಟು ಬದಲಿಸಿ, ಮುಳ್ಳಿನ ತೂಕ ಸರಿಮಾಡಿ ತಿರುಗಿಸಿದೆ.

ನಾನು ಗದಗಿನಲ್ಲಿ ಮೈಕ್ ಸೆಟ್ ಇಟ್ಟಿದ್ದವನು. ಶಾಲೆ ನಾಲ್ಕನೇ ಇಯತ್ತೆಗೇ ಮುಗಿಯಿತು. ಮದುವೆ, ಚುನಾವಣೆ, ಮುಷ್ಕರ, ಯಾರು ಕರೆದರೂ ಹೋಗಿ ಹಾರ್ನು ಕಟ್ಟಿ ಬಂದಿದ್ದೇನೆ. ಬೆಳಿಗ್ಗೆ ಬೈಯುವವರಿಗೂ ನಾನೇ, ಸಂಜೆ ಬೈಸಿಕೊಂಡವರಿಗೂ ನಾನೇ. ಮೈಕಿನವನ ಕಿವಿ ದನಿಯ ಮೇಲೆ ಇರಬೇಕು, ಮಾತಿನ ಮೇಲಲ್ಲ. ಹಾಗೇ ಬದುಕಿದೆ, ಅದರಲ್ಲಿ ಬೇಜಾರೇನೂ ಇಲ್ಲ.

ಪ್ಲೇಯರು ನಮ್ಮದಾದರೂ ಅದರ ಮೇಲಿದ್ದ ರೆಕಾರ್ಡು ನಮ್ಮದಲ್ಲ. ಪಕ್ಕದ ಮನೆಯ ಸಮೋವಾದ ಅಂಕಲ್‌ದು. ಬಸ್ಸು ಓಡಿಸಿ ನಿವೃತ್ತರಾದವರು, ನನಗಿಂತ ಸ್ವಲ್ಪ ಚಿಕ್ಕವರು. ಹರೆಯದಲ್ಲಿ ಅವರ ತಮ್ಮ ಕೊಂಡಿದ್ದ ರ್‍ಯಾಪ್ ಆಲ್ಬಂ ಅದು. ಅಮೆರಿಕದ ಯಾವುದೋ ಓಣಿಯ ಮೂವರು ಕಪ್ಪು ಜನಾಂಗದ ಹುಡುಗರು ಮಾಡಿದ ಮೊಟ್ಟಮೊದಲ ರೆಕಾರ್ಡಂತೆ. ಮೊಮ್ಮಗಳು ಶಾಲೆಯಲ್ಲಿ ಅದರ ಮೇಲೆ ಭಾಷಣ ಮಾಡಬೇಕಿತ್ತು, ಅದಕ್ಕೆ ಕೇಳಿ ತಂದಿದ್ದಳು. ಆ ತಮ್ಮ ಒಂದು ವರ್ಷದ ಹಿಂದೆ ತೀರಿಕೊಂಡಿದ್ದರು. ಪೂಜೆಯ ವಾರದ ಶನಿವಾರ ಅವರ ಗೋರಿಯ ಕಲ್ಲಿನ ಮೇಲಿನ ಬಟ್ಟೆ ತೆಗೆಯುವ ಶಾಸ್ತ್ರ, ಆಮೇಲೆ ಊಟ, ಊಟದ ಹೊತ್ತಿಗೆ ಈ ರೆಕಾರ್ಡು ಹಚ್ಚಿ ಎಲ್ಲರಿಗೂ ಕೇಳಿಸಬೇಕು. ಶುಕ್ರವಾರ ವಾಪಸು ಕೊಡುವ ಮಾತಾಗಿತ್ತು.

ಹುಟ್ಟಿದಾಗಿನಿಂದ ಈ ಕೂಸು ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಿದ್ದು. ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು, ಇಬ್ಬರಿಗೂ ಅರ್ಧ ತಿಳಿಯುವುದು. ಆ ವಾರ ಮಾತ್ರ ಅವಳು ಒಂದೊಂದು ಸಾಲಿಗೂ ಮುಳ್ಳು ಎತ್ತಿ, ಹಣೆ ಗಂಟಿಕ್ಕಿಕೊಂಡು, ಕನ್ನಡ ಹುಡುಕಿ ಹುಡುಕಿ ಹಾಡಿನ ಅರ್ಥ ಹೇಳಿದಳು.

"ಅಜ್ಜಾ, ಇಲ್ಲಿ ಪೊಲೀಸ್ ನಿಲ್ಲಿಸ್ತಾನ. ಸುಮ್ನ. ಅಂವ ಏನೂ ಮಾಡಿಲ್ಲ, ಆದ್ರೂ."

"ಹಂಗಂತಾನ?"

"ಹೂಂ. ಇದು ಸ್ಕೂಲಿನ ಹಾಡು. ಅವರ ಅಜ್ಜ, ಅವರ ಮಂದಿ, ಹಿಸ್ಟರಿ ಬುಕ್‌ನಾಗ ಇಲ್ಲ. ಯಾವ ಬುಕ್‌ನಾಗೂ ಇಲ್ಲ."

ಓಣಿಯಲ್ಲಿ ಕುಡಿಯಲಿಕ್ಕೆ ನಾಲ್ಕು ಸೆರೆ ಅಂಗಡಿ, ಓದಲಿಕ್ಕೆ ಒಂದು ಜಾಗ ಇಲ್ಲ ಅನ್ನುವ ಹಾಡೂ ಇತ್ತು. ನಾನು ಹೂಂ ಹೂಂ ಅನ್ನುತ್ತಾ ಕೂತೆ. ನನ್ನ ಸಂತೋಷ ಎಷ್ಟಿತ್ತೆಂದರೆ ಅವತ್ತಿನ ಚಹಾ ಎರಡು ಸಲ ಆರಿತು, ಎರಡು ಸಲ ಬಿಸಿ ಮಾಡಿದೆ, ಆದರೂ ಕುಡಿಯಲಿಲ್ಲ.

ಗುರುವಾರ ಆಯುಧಪೂಜೆ. ಗದಗಿನಲ್ಲಿ ನಾವು ಆಂಪ್ಲಿಫೈಯರಿಗೆ, ಹಾರ್ನಿಗೆ ಹೇಗೆ ವಿಭೂತಿ ಹಚ್ಚುತ್ತಿದ್ದೆವು ಎಂದು ಅವಳಿಗೆ ಹೇಳಿದ್ದೆ. ನಾನು ಪ್ಲೇಯರಿನ ಡಬ್ಬಿಯ ಅಂಚಿಗೆ ಒಂದು ಬೊಟ್ಟು ಇಟ್ಟು, ತೆಂಗಿನಕಾಯಿ ಒಡೆಯಲು ಹಿತ್ತಲಿಗೆ ಹೋದೆ. ಪೂಜೆ ಮುಗಿಯಿತು. ಕನ್ನಡಕ ಹಾಕಿರಲಿಲ್ಲ, ಏನೂ ನೋಡಲಿಲ್ಲ. ಮಧ್ಯಾಹ್ನ ಅವಳು ಮುಳ್ಳು ಇಟ್ಟಳು. ಮರಳಿನ ಮೇಲೆ ಸೈಕಲ್ಲು ಹೋದ ಹಾಗೆ ದನಿ ಬಂತು.

"ಎತ್ತು! ಮುಳ್ಳ ಎತ್ತು ಮೊದಲ!"

ಹೋಗಿ ನೋಡಿದರೆ ರೆಕಾರ್ಡಿನ ಗೆರೆಗಳ ಮೇಲೆ ಅಡ್ಡಡ್ಡ ಮೂರು ಬೆರಳಿನ ವಿಭೂತಿ. ಅದರ ನಡುವೆ ಕುಂಕುಮ. ನೀರಲ್ಲಿ ಕಲಸಿ ಹಚ್ಚಿದ್ದು, ಒಣಗಿ ಗಟ್ಟಿಯಾಗಿತ್ತು.

"ಯಾರವ್ವಾ ಹಚ್ಚಿದ್ದು?"

"ನಾನು. ನೀನೇ ಹೇಳಿದ್ದಿ, ಎಲ್ಲಾದಕ್ಕೂ ಹಚ್ಚಬೇಕು ಅಂತ."

"ಮಷೀನಿಗೆ ಅಂದಿದ್ದೆ. ರೆಕಾರ್ಡಿಗೆ ಯಾರರ ಹಚ್ತಾರೇನ?"

ಅವಳ ಮುಖ ಸಣ್ಣದಾಯಿತು. "ಅಜ್ಜಾ, ಇದು ಅಂಕಲ್‌ದು. ಅವರ ತಮ್ಮಂದು," ಅಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಕೆಲಸ ನನಗೆ ಗೊತ್ತಿದ್ದದ್ದೇ. ಒಣ ಬಟ್ಟೆಯಲ್ಲಿ ಒರೆಸಬಾರದು, ಪುಡಿ ಗೆರೆಯೊಳಗೆ ಇಳಿಯುತ್ತದೆ. ಕಾಯಿಸಿ ಆರಿಸಿದ ನೀರು, ಅದಕ್ಕೆ ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ, ನನ್ನ ಹಳೇ ಧೋತರದ ತುಂಡು. ಬಟ್ಟೆ ಗೆರೆಯ ಜೊತೆಗೇ ಸುತ್ತಬೇಕು, ಅಡ್ಡ ಹೋಗಬಾರದು. ನಡುವಿನ ಕಾಗದ ಒದ್ದೆಯಾಗಬಾರದು, ಅದರ ಮೇಲೆ ಆ ತಮ್ಮ ಪೆನ್ನಿನಲ್ಲಿ ತನ್ನ ಹೆಸರು ಬರೆದಿದ್ದ. ಅವಳು ಕಾಗದದ ಮೇಲೆ ಬಟ್ಟಲು ಬೋರಲು ಹಾಕಿ ಹಿಡಿದಳು, ನಾನು ಸುತ್ತಿದೆ. ಏಳು ಸಲ ನೀರು ಬದಲಿಸಿದೆವು. ಪಾತ್ರೆ ಒಣಗಿಸುವ ಸ್ಟ್ಯಾಂಡಿನಲ್ಲಿ, ತಟ್ಟೆಗಳ ನಡುವೆ, ಅದನ್ನು ನಿಲ್ಲಿಸಿದೆವು.

ಶುಕ್ರವಾರ ಬೆಳಿಗ್ಗೆ ಹಚ್ಚಿ ಕೇಳಿದೆವು. ಎಲ್ಲಾ ಚೊಕ್ಕ. ಮೂರನೇ ಹಾಡಿನಲ್ಲಿ ಮಾತ್ರ, ನಾಲ್ಕು ಸುತ್ತು, ಟಿಕ್, ಟಿಕ್, ಟಿಕ್, ಟಿಕ್. ನಿನ್ನೆ ಮುಳ್ಳು ಕೊರೆದ ಜಾಗ ಅದು, ಇನ್ನು ಹೋಗುವುದಲ್ಲ.

"ಕೊಟ್ಟು ಬಾ. ಏನೂ ಹೇಳಬ್ಯಾಡ," ಅಂದೆ. "ಹಳೇ ರೆಕಾರ್ಡ್. ನಾಲ್ಕು ಟಿಕ್ ಯಾರಿಗೆ ತಿಳೀತದ?"

ನಮ್ಮ ದಂಧೆಯಲ್ಲಿ ಹಾಗೇ. ಗಿರಾಕಿಗೆ ನಾವಾಗಿ ಹೇಳುವುದಿಲ್ಲ.

"ನೋ ಅಜ್ಜಾ." ಸೊಂಟದ ಮೇಲೆ ಕೈ ಇಟ್ಟುಕೊಂಡಳು. ಥೇಟ್ ಅವಳ ಅಜ್ಜಿ. "ಈ ಹುಡುಗ್ರು ಎಲ್ಲಾ ಜೋರಾಗಿ ಹೇಳ್ಯಾರ, ಹೆದರಿಲ್ಲ ಅಂತ ನಾನು ಕ್ಲಾಸ್‌ನಾಗ ಸ್ಪೀಚ್ ಕೊಡೋದು. ಮತ್ತ ಇದನ್ನ ಮುಚ್ಚಿಡೋದಾ? ದಟ್ಸ್ ರಾಂಗ್."

ರೆಕಾರ್ಡು ಅವಳ ಕೈಗೆ ಕೊಟ್ಟೆ. ಚಪ್ಪಲಿ ಹಾಕಿಕೊಂಡೆ.

ಅಂಕಲ್ ಬಾಗಿಲಲ್ಲೇ ನಿಂತು ಅವಳು ಹೇಳಿದ್ದನ್ನೆಲ್ಲ ಕೇಳಿದರು. ವಿಭೂತಿಯಿಂದ ಹಿಡಿದು ಧೋತರದ ತನಕ ಒಂದನ್ನೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಅವರು ಒಳಗೆ ಕರೆದು ತಮ್ಮ ಪ್ಲೇಯರಿನ ಮೇಲೆ ರೆಕಾರ್ಡು ಇಟ್ಟರು. ಮುಳ್ಳು ಎರಡು ಸಲ ಅಂಚಿನಿಂದ ಜಾರಿತು, ಮೂರನೇ ಸಲ ಕೂತಿತು. ಮೂರನೇ ಹಾಡು ಬರುವ ತನಕ ಮೂವರೂ ನಿಂತೇ ಇದ್ದೆವು. ಟಿಕ್ ಬಂದಾಗ ಅವರು ಇದೇನಾ ಎಂಬಂತೆ ಬೆರಳು ಎತ್ತಿದರು. ಅವಳು ತಲೆ ಆಡಿಸಿದಳು. ಆಮೇಲೆ ಅಂಕಲ್ ನನ್ನ ಕಡೆ ತಿರುಗಿ ಏನೋ ಅಂದು ಹೊಟ್ಟೆ ಕುಣಿಸಿ ನಕ್ಕರು.

"ಏನಂದ್ರು?"

"ಅವರ ತಮ್ಮ ಇದರ ಮ್ಯಾಲ ಫಿಶ್ ಆ್ಯಂಡ್ ಚಿಪ್ಸ್ ಇಡ್ತಿದ್ನಂತ. ನೀವು ದೇವರನ್ನ ಇಟ್ಟೀರಿ, ಪರವಾಗಿಲ್ಲ ಅಂತಾರ."

ಅಷ್ಟೇ ಅಲ್ಲ. ನಾಳೆ ಮುಳ್ಳು ಇಡಲು ನಾನೇ ಬರಬೇಕೆಂದರು.

ಶನಿವಾರ ಅವರ ಗ್ಯಾರೇಜಿನಲ್ಲಿ ನಲವತ್ತು ಜನ ಇದ್ದರು, ಬಹಳ ಮಂದಿ ಅಳುತ್ತಲೇ ಸ್ಮಶಾನದಿಂದ ಬಂದವರು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪ್ಲೇಯರಿನ ಪಕ್ಕ ಕುರ್ಚಿಯಲ್ಲಿ ಕೂತೆ. ದಪ್ಪ ಆಂಟಿಯೊಬ್ಬರು ನನ್ನನ್ನು ಡಿಜೆ ಎಂದು ಕರೆದು ತಟ್ಟೆ ತುಂಬ ಗೆಣಸು ಕೊಟ್ಟರು. ಮುಳ್ಳು ಇಟ್ಟೆ. ಮೊದಲನೇ ಹಾಡಿಗೇ ತಲೆ ನರೆತ ಗಂಡಸರೆಲ್ಲ ಆ ಹುಡುಗರ ಜೊತೆ ಬಾಯಿಪಾಠ ಹೇಳತೊಡಗಿದರು, ಕೈ ಬೀಸಿ ಬೀಸಿ, ಒಂದು ಮಾತೂ ತಪ್ಪದೆ. ಮೂರನೆಯದರಲ್ಲಿ ನಾಲ್ಕು ಟಿಕ್ ಬಂದು ಹೋದವು. ಅಂಕಲ್ ಪಕ್ಕದಲ್ಲಿದ್ದ ತಂಗಿಯ ಕಿವಿಯಲ್ಲಿ ಏನೋ ಹೇಳಿದರು, ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ನೋಡಿ ನಕ್ಕಳು. ಆ ಮಗ್ಗುಲು ಮುಗಿಯಿತು. ನಾನು ಮುಳ್ಳು ಎತ್ತಿದೆ. ಹಿಂದಿನಿಂದ ಎಲ್ಲರೂ ಕೂಗಿದರು. ಮೊಮ್ಮಗಳು ಬಗ್ಗಿ, "ತಿರುವಿ ಹಾಕು ಅಂತಾರ, ಅಜ್ಜಾ," ಅಂದಳು.

ತಿರುವಿ ಹಾಕಿದೆ.