ಗುರುವಾರದ ಭಕ್ತ

ನಮ್ಮ ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಸೊಲ್ಲಾಪುರದ ಮರಾಠಿ ಶಾಲೆಯೊಂದರಲ್ಲಿ ಶಿಕ್ಷಕಿ. ಹರೆಯದ ಹುಡುಗರಿಗೆಂದೇ ಬರೆದ ಮರಾಠಿ ಕಾದಂಬರಿಗಳನ್ನು ವಾಚನಾಲಯದಿಂದ ತಂದು ಮೊದಲು ತಾನೇ ಓದುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ಅವುಗಳೊಳಗೆ ನಶೆಯ ಹುಡುಗನ ಕಾಟ ಶುರುವಾಯಿತು. ಕಿವಿ ಮುಚ್ಚುವ ಕೂದಲು, ಬೆಲ್‌ಬಾಟಮ್ಮು, ಕೆಂಪು ಕಣ್ಣು, ಮಾತಿಗೆ ಎದುರುತ್ತರ. ಕಾಕು ಪುಸ್ತಕದಿಂದ ತಲೆ ಎತ್ತಿದರೆ ಎದುರಿಗೆ ನಾನು! ಹದಿನೈದರ ನನಗೆ ಕೂದಲೂ ಇತ್ತು, ಬಾಯಿಯೂ ಇತ್ತು. ಹಿತ್ತಲಾಚೆಯ ಮಗ್ಗಗಳ ಧೂಳಿಗೆ ಕಣ್ಣು ಸದಾ ಕೆಂಪು. ಆ ಲೇಖಕರು ಯಾರೂ ವ್ಯಸನಿಯೊಬ್ಬನ ಪಕ್ಕ ಕೂತು ಉಂಡವರಲ್ಲ ಎಂದು ನನಗೆ ಇವತ್ತಿಗೂ ಗುಮಾನಿ.

ಕಾಕುವಿನ ಮಾತು ಕೇಳಿ ಅವ್ವ ನನ್ನ ಬಾಯಿ ಮೂಸತೊಡಗಿದಳು. ಕೊನೆಗೆ, ಪ್ರತಿ ಗುರುವಾರ ನನ್ನನ್ನು ಅಕ್ಕಲಕೋಟೆಗೆ ಒಯ್ದು, ಅಲ್ಲಿಯ ಸಂತ ಮಹಾರಾಜರ ಗುಡಿಯಲ್ಲಿ ಪ್ರದಕ್ಷಿಣೆ ಹಾಕಿಸಿ, ಹಣೆಗೆ ಅಂಗಾರದ ವಿಭೂತಿ ಹಚ್ಚಿಸಿ ತರಬೇಕೆಂದು ಮನೆಯವರು ಠರಾಯಿಸಿದರು. ಕಾವಲಿಗೆ ಅಣ್ಣ. ಕಾಲೇಜಿನ ಮೊದಲ ವರ್ಷ, ಎಣ್ಣೆ ಹಚ್ಚಿ ಬಾಚಿದ ತಲೆ, ಮಾತು ಕಡಿಮೆ.

ಅಲ್ಲಿ ನನ್ನನ್ನು ಪ್ರದಕ್ಷಿಣೆಗೆ ಹಚ್ಚಿ, ಕಾಯಿ ತರುತ್ತೇನೆಂದು ಹೋದ ಅಣ್ಣ ಬೇಗ ಬರುತ್ತಿರಲಿಲ್ಲ. ಬಂದಾಗ ಕಣ್ಣು ಅರೆಮುಚ್ಚಿರುತ್ತಿದ್ದವು. ಮನೆಗೆ ಬಂದರೆ ಊಟ ಬೇಡ, ಬೈದರೂ ಸಿಟ್ಟಿಲ್ಲ. "ನೋಡ್ರಿ, ಮಹಾರಾಜರು ಹಿರ್ಯಾಗ ಒಲದಾರ. ತಾನs ಉಪಾಸ ಹಿಡದಾನ," ಎಂದು ಅವ್ವ ಅಪ್ಪನ ಮುಂದೆ ಹಿಗ್ಗಿದಳು.

ನನಗೆ ಆ ಭಕ್ತಿ ಹಿಡಿಸಲಿಲ್ಲ. ಒಂದು ಗುರುವಾರ ಅವನ ಬೆನ್ನು ಹತ್ತಿದೆ. ಎಸ್.ಟಿ. ಬಸ್ ಸ್ಟ್ಯಾಂಡಿನ ಹಿಂದೆ ಯಾರೋ ಅವನ ಅಂಗೈಗೆ ಗುಳಿಗೆ ಹಾಕಿದ; ಅಣ್ಣ ಚಹಾದ ಜೊತೆ ನುಂಗಿದ. ಮನೆಯಲ್ಲಿ ಹೇಳಿದರೆ ಕಾಕು ನಕ್ಕಳು. "ಪುಸ್ತಕದಾಗೂ ಹಿಂಗs ಅದ. ಸಿಕ್ಕಬಿದ್ದಾವ ಮಂದಿ ಮ್ಯಾಲ ಹಾಕ್ತಾನ."

ಮುಂದಿನ ವಾರ ಹಿರಿಮಗನ ಭಕ್ತಿಯನ್ನು ಕಣ್ತುಂಬ ನೋಡಲು ಅವ್ವನೂ ಬಂದಳು. ಆರತಿಯ ಹೊತ್ತಿಗೆ ಅಣ್ಣ ತೂಗಾಡಿ ದೊಪ್ಪನೆ ಬಿದ್ದ. ಮಹಾರಾಜರೇ ಮೈಮೇಲೆ ಬಂದರೆಂದು ಜನ ಸರಿದು ಜಾಗ ಬಿಟ್ಟರು. ಮುದುಕಿಯೊಬ್ಬಳು ಅವನ ಕಾಲು ಮುಟ್ಟಿದಳು. ಅವ್ವ ಕೈ ಮುಗಿದು ನಿಂತಳು. ಅಣ್ಣನ ತುಟಿ ನೀಲಿಯಾಗಿತ್ತು.

"ಯವ್ವಾ, ಇದು ದೇವ್ರಲ್ಲ, ಗುಳಗಿ! ಉಸರ ನಿಲ್ಲಾಕತ್ತದ ನೋಡು!"

ಅವ್ವ ನನ್ನ ಕೆನ್ನೆಗೆ ಬಾರಿಸಿದಳು. "ಮುಟ್ಟಬ್ಯಾಡ ಅವನ್ನ!"

ನಾನು ಕೇಳಲಿಲ್ಲ. ಬಗಲಲ್ಲಿ ಕೈ ಹಾಕಿ ಅವನನ್ನು ಹೊರಗೆ ಎಳೆದೆ, ಟಾಂಗಾ ಕೂಗಿದೆ. ಊರ ಡಾಕ್ಟರು ಕಣ್ಣು ಬಿಡಿಸಿ ನೋಡಿದವರೇ ಸೊಲ್ಲಾಪುರದ ದವಾಖಾನೆಗೆ ಕಳಿಸಿದರು.

ಮರುದಿನ ಅಣ್ಣನಿಗೆ ಎಚ್ಚರವಾಯಿತು. ಅವ್ವ ಅವನ ಹಣೆಗೆ ಅಂಗಾರ ಹಚ್ಚಲು ಬಗ್ಗಿದಳು. ಅವನು ಅವಳ ಮಣಿಕಟ್ಟು ಗಟ್ಟಿಯಾಗಿ ಹಿಡಿದ.

"ಯವ್ವಾ, ಗುರುವಾರ ಇನ್ನಾ ಎಷ್ಟ ದಿನಾ ಅದ?"

ಅವ್ವನ ಕೈ ಅಲ್ಲೇ ನಿಂತಿತು. ಇನ್ನೊಂದು ಕೈಯಿಂದ, ತಾನು ಬಾರಿಸಿದ ನನ್ನ ಕೆನ್ನೆ ಸವರಿದಳು.

"ಇನ್ನ ಗುರುವಾರ ಬರೂದಿಲ್ಲಪ್ಪಾ," ಎಂದು ಅಳತೊಡಗಿದಳು.