ಮೊಳೆಯಿಲ್ಲದ ಲೂಥರ್

ನ್ಯಾಮತಿಯ ಮೈಲಾರಿಯವರಿಗೆ ಈಗ ಅರವತ್ತೆರಡು ವರ್ಷ. ಹುಟ್ಟಿದ್ದು ಜಗಳೂರು ತಾಲ್ಲೂಕಿನಲ್ಲಿ. ತಂದೆಯ ಕುರಿಗಳ ಬೆನ್ನಿಗೆ ಗುರುತಿನ ಬಣ್ಣ ಹಚ್ಚಿದ್ದೇ ಅವರ ಮೊದಲ ಚಿತ್ರಕಲೆ. ಮುಂದೆ ಹೊನ್ನಾಳಿಯಲ್ಲಿ ಬೋರ್ಡ್ ಬರೆಯಲು ಕಲಿತು, ನ್ಯಾಮತಿಯ ಅಡಿಕೆ ಮಂಡಿಯಿಂದ ಸಲೂನಿನವರೆಗೆ ಎಲ್ಲರ ಹೆಸರನ್ನೂ ಬರೆದರು. ಅನಂತರ ಫ್ಲೆಕ್ಸ್ ಬಂತು. ಶ್ರದ್ಧಾಂಜಲಿ ಫಲಕಕ್ಕೆ ಜೀವಂತ ವ್ಯಕ್ತಿಯ ಭಾವಚಿತ್ರ ಮುದ್ರಿಸಿದ ಆ ಯಂತ್ರವನ್ನು ನಾನು ಇಂದಿಗೂ ಕ್ಷಮಿಸಿಲ್ಲ. ಹನ್ನೊಂದು ವರ್ಷ ಮೈಲಾರಿಯವರಿಗೆ ಗೇಟಿಗೆ ಬಣ್ಣ ಬಳಿಯುವುದು ಬಿಟ್ಟರೆ ಬೇರೆ ಕೆಲಸ ಸಿಗಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಇಲ್ಲಿನ ಪುಟ್ಟ ಚರ್ಚಿನ ಪಾಸ್ಟರ್ ಸ್ಯಾಮ್ಯುವೆಲ್ ನಾಗೇಂದ್ರಪ್ಪನವರು ಕ್ರೈಸ್ತ ಚರಿತ್ರೆಯ ಪ್ರಮುಖ ಘಟ್ಟಗಳನ್ನು ಕಾಂಪೌಂಡ್ ಗೋಡೆಯ ಮೇಲೆ ಬರೆಯಲು ಅವರನ್ನು ಕರೆದರು. ನಿವೃತ್ತ ಇತಿಹಾಸ ಶಿಕ್ಷಕನಾದ ನಾನು ಪರಿಶೀಲಿಸಿ ಸಹಿ ಹಾಕಬೇಕು. ತಪ್ಪಿದ್ದರೆ ಗೋಡೆಗೆ ಸುಣ್ಣ ಬಳಿದು ಫ್ಲೆಕ್ಸ್ ಕಟ್ಟಬೇಕು. ಇದು ಚರ್ಚಿನ ಸಮಿತಿಯ ಠರಾವು.

ಕ್ರಿ.ಶ. ೩೨೫ರ ನಿಕೇಯ ಧರ್ಮಸಭೆಯ ಚಿತ್ರದಲ್ಲಿ ಬಿಷಪ್ಪರು ಜಮಖಾನದ ಮೇಲೆ ಕುಳಿತಿದ್ದರು. ಸಹಿಸಿಕೊಂಡೆ. ೧೫೧೭ಕ್ಕೆ ಬಂದಾಗ ಸಹನೆ ತೀರಿತು. ಮಾರ್ಟಿನ್ ಲೂಥರ್, ಪಾಪಕ್ಷಮೆಯ ಚೀಟಿಗಳ ಮಾರಾಟವನ್ನು ಖಂಡಿಸುವ ತೊಂಬತ್ತೈದು ವಾದಗಳ ಹಾಳೆ ಹಿಡಿದು, ವಿಟೆನ್‌ಬರ್ಗಿನ ಚರ್ಚಿನ ಬಾಗಿಲಲ್ಲಿ ನಿಂತಿದ್ದರು. ಹಾಳೆಯನ್ನು ಬಾಗಿಲಿಗೆ ಹೊಡೆಯಲು ಲೋಕದ ಚಿತ್ರಗಳಲ್ಲೆಲ್ಲ ಇರುವ ಸುತ್ತಿಗೆ, ಮೊಳೆ ಇಲ್ಲ. ಕಾಲ ಬಳಿ ಮೈದಾ ಅಂಟಿನ ಬಕೆಟ್ಟು!

"ಏನ್ರೀ ಮೈಲಾರಿ ಇದು? ಮೊಳೆ ಎಲ್ಲಿ?"

"ದೇವರ ಬಾಗಿಲಿಗೆ ಮೊಳೆ ಹೊಡೀತಾರೇನ್ರೀ ಸಾರ್? ಹೊಸ್ತಿಲು ತುಳಿದ್ರೇ ನಮ್ಮವ್ವ ಬೈತಿದ್ಲು. ಅವ್ರು ಓದಿದ ಸ್ವಾಮೇರು, ಹಂಗೆಲ್ಲ ಮಾಡಿರಾಕಿಲ್ಲ."

"ನೀವು ಕಂಡಿದ್ರೇನ್ರೀ?"

"ಮೊಳೆ ಹೊಡೆದಿದ್ದು ನೀವು ಕಂಡಿದ್ರಾ?"

ಪಾಸ್ಟರ್ ನಕ್ಕುಬಿಟ್ಟರು. ನಾನು ನಗಲಿಲ್ಲ. ಮನೆಗೆ ಹೋಗಿ ಪುಸ್ತಕ ತೆರೆದೆ. ೧೫೧೭ರ ಅಕ್ಟೋಬರ್ ೩೧ರಂದು ಲೂಥರ್ ವಾದಗಳನ್ನು ಆರ್ಚ್‌ಬಿಷಪ್ಪರಿಗೆ ಕಳುಹಿಸಿದ್ದಕ್ಕೆ ಅವರದೇ ಪತ್ರದ ಆಧಾರವಿದೆ. ಮೊಳೆ ಹೊಡೆದದ್ದನ್ನು ಕಣ್ಣಾರೆ ಕಂಡವರ ಬರಹ ಮಾತ್ರ ಒಂದೂ ಇಲ್ಲ. ಬಾಗಿಲಿನ ಮಾತೆತ್ತಿದವರೆಲ್ಲ ಎಷ್ಟೋ ವರ್ಷಗಳ ಮೇಲೆ ಹೇಳಿದವರು. ಚನ್ನಗಿರಿಯ ಪ್ರೌಢಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಮೇಜು ಗುದ್ದಿ ಗುದ್ದಿ ಆ ಮೊಳೆ ಹೊಡೆದವನು ನಾನೇ!

ಮರುದಿನ ಸಮಿತಿಗೆ ಬರೆದುಕೊಟ್ಟೆ: "ಮೊಳೆಗೆ ಪ್ರತ್ಯಕ್ಷ ಸಾಕ್ಷ್ಯವಿಲ್ಲ. ಅಂಟಿಗೂ ಇಲ್ಲ. ಆದಕಾರಣ ಅಂಟಿಗೆ ನನ್ನ ಆಕ್ಷೇಪಣೆಯಿಲ್ಲ." ಸಹಿ ಹಾಕಿ ದಿನಾಂಕವನ್ನೂ ನಮೂದಿಸಿದೆ. ಪಾಸ್ಟರ್ ಆಗಲೇ ಫ್ಲೆಕ್ಸ್ ಅಂಗಡಿಗೆ ಫೋನ್ ಮಾಡಿ ಬೇಡವೆಂದರು.

ಮೈಲಾರಿ ಏಣಿಯ ಮೇಲಿಂದಲೇ ಕೈ ಮುಗಿದರು.

"ಸಾರ್, ಈ ಚರಿತ್ರೆಯಾಗೆ ಇನ್ನೇನೇನು ಖಾತ್ರಿ ಇಲ್ಲ, ಈಗ್ಲೇ ಹೇಳಿಬಿಡ್ರಿ. ಅಲ್ಲೆಲ್ಲ ನಮ್ಮೂರಂಗೆ ಬರೀತೀನಿ."